ನಾಡಿದ್ದು ಬಯಾಲಜಿ ಪೇಪರ್: ಎರಡು ದಿನದಲ್ಲಿ ಏನು ಹಿಡಿಯಬೇಕು, ಏನು ಬಿಡಬೇಕು

ದ್ವಿತೀಯ ಪಿಯುಸಿ ಬಯಾಲಜಿ ಪೇಪರಿಗೆ ಎರಡು ದಿನ ಉಳಿದಾಗ ಮಾಡಬಾರದ ಮೊದಲ ಕೆಲಸವೆಂದರೆ ಧಾರವಾಡದ ಸಪ್ತಾಪುರದ ಝೆರಾಕ್ಸ್ ಅಂಗಡಿಗೆ ಹೋಗಿ ಯಾರದೋ ನೋಟ್ಸ್ ಹೊತ್ತು ತರುವುದು. ಎನ್‌ಸಿಇಆರ್‌ಟಿ ಪುಸ್ತಕ, ಕಾಲೇಜಿನ ನೋಟ್ಸ್, ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ, ಇಷ್ಟಿದ್ದರೆ ಸಾಕು. ಮತ್ತೊಬ್ಬರ ಅಕ್ಷರ, ಮತ್ತೊಬ್ಬರ ಶಾರ್ಟ್‌ಕಟ್ ತಿಳಿದುಕೊಳ್ಳುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ.

ಫಿಸಿಕ್ಸ್ ಬಾರದಿದ್ದರೆ ಬಾರದು ಎಂದು ಮೊದಲ ಲೆಕ್ಕದಲ್ಲೇ ಗೊತ್ತಾಗುತ್ತದೆ. ಬಯಾಲಜಿ ಹಾಗಲ್ಲ, ಮೋಸ ಮಾಡುತ್ತದೆ. ಪುಟ ತಿರುವುತ್ತ ಹೋದರೆ ಎಲ್ಲವೂ ಓದಿದ್ದೇ, ಎಲ್ಲವೂ ಗೊತ್ತಿದ್ದದ್ದೇ. ಪುಸ್ತಕ ಮುಚ್ಚಿ ‘ಎಂಬ್ರಿಯೊ ಸ್ಯಾಕ್ (ಭ್ರೂಣಚೀಲ) ಚಿತ್ರ ಬರೆದು ಎಂಟು ಭಾಗ ಗುರುತಿಸಿ’ ಎಂದರೆ ನಾಲ್ಕಕ್ಕೆ ಕೈ ನಿಲ್ಲುತ್ತದೆ. ಆದ್ದರಿಂದ ಈ ಎರಡು ದಿನದಲ್ಲಿ ಕಣ್ಣಿಗಿಂತ ಕೈಗೆ ಹೆಚ್ಚು ಕೆಲಸ ಕೊಡಬೇಕು. ಐವತ್ತು ಖಾಲಿ ಹಾಳೆ, ಎರಡು ಪೆನ್ಸಿಲ್, ಒಂದು ರಬ್ಬರ್ ಮುಂದಿಟ್ಟುಕೊಳ್ಳಿ.

ಮೊದಲ ಮುಕ್ಕಾಲು ತಾಸು

ಈಗಿನ ಪುಸ್ತಕದಲ್ಲಿ 13 ಅಧ್ಯಾಯಗಳಿವೆ. ಅಕ್ಕನದೋ ಅಣ್ಣನದೋ ಹಳೆಯ ಪುಸ್ತಕ ಇಟ್ಟುಕೊಂಡವರು ಮೊದಲು ಪರಿವಿಡಿ ನೋಡಿ: ಜೀವಿಗಳಲ್ಲಿ ಸಂತಾನೋತ್ಪತ್ತಿ, ಆಹಾರ ಉತ್ಪಾದನೆ ಹೆಚ್ಚಿಸುವ ವಿಧಾನಗಳು, ಪರಿಸರ ಸಮಸ್ಯೆಗಳು ಎಂಬ ಮೂರು ಅಧ್ಯಾಯಗಳು ಹೊಸ ಪುಸ್ತಕದಲ್ಲಿ ಇಲ್ಲ, ಉಳಿದ ಕೆಲವು ಅಧ್ಯಾಯಗಳಲ್ಲೂ ಭಾಗಗಳು ಹೋಗಿವೆ. ಕೊನೆಯ ರಾತ್ರಿ ಕೂತು ಇಲ್ಲದ ಪಾಠ ಓದುವವರು ಪ್ರತಿವರ್ಷ ಇದ್ದೇ ಇರುತ್ತಾರೆ.

ಒಂದೊಂದು ಅಧ್ಯಾಯಕ್ಕೆ ಮೂರು ನಿಮಿಷ ಮೊಬೈಲಿನಲ್ಲಿ ಟೈಮರ್ ಇಡಿ. ಪುಸ್ತಕ ನೋಡದೆ ಆ ಅಧ್ಯಾಯದ ಚಿತ್ರಗಳ ಹೆಸರು, ಮುಖ್ಯ ಪದಗಳು, ಒಂದೆರಡು ಅಂಕಿಗಳನ್ನು ಬರೆಯಿರಿ. ನಲವತ್ತು ನಿಮಿಷದೊಳಗೆ ನಿಮ್ಮ ನಿಜವಾದ ಸ್ಥಿತಿ ಹಾಳೆಯ ಮೇಲೆ ಬರುತ್ತದೆ. ಪೂರ್ತಿ ಖಾಲಿ ಬಿದ್ದ ಅಧ್ಯಾಯ ಮಾಲಿಕ್ಯುಲರ್ ಬೇಸಿಸ್ (ಅನುವಂಶೀಯತೆಯ ಅಣುಮಟ್ಟದ ಆಧಾರ, ಅಂದರೆ ಡಿಎನ್ಎ ಪಾಠ) ಆಗಿದ್ದರೆ ಇವತ್ತೇ ಹಿಡಿಯಿರಿ. ರಿಪ್ರೊಡಕ್ಟಿವ್ ಹೆಲ್ತ್ ಆಗಿದ್ದರೆ ನಾಳೆ ಮಧ್ಯಾಹ್ನ ಊಟದ ನಂತರ ನೋಡಿದರೂ ನಡೆಯುತ್ತದೆ. ದೊಡ್ಡ ಪ್ರಶ್ನೆಗಳು ಹೆಚ್ಚಾಗಿ ಬರುವುದು ಹೂಬಿಡುವ ಸಸ್ಯಗಳ ಮತ್ತು ಮನುಷ್ಯರ ಸಂತಾನೋತ್ಪತ್ತಿ, ಅನುವಂಶೀಯತೆ, ಮಾಲಿಕ್ಯುಲರ್ ಬೇಸಿಸ್, ಬಯೋಟೆಕ್ನಾಲಜಿ ತತ್ವಗಳು, ಈ ಐದರಿಂದ. ಮೊದಲ ದಿನ ಪೂರ್ತಿ ಇವಕ್ಕೇ ಕೊಡಿ.

ಚಿತ್ರ

ಪ್ರಶ್ನೆಪತ್ರಿಕೆಯ ಮೇಲಿನ ಸೂಚನೆಗಳಲ್ಲೇ ಇರುತ್ತದೆ: ಭಾಗಗಳನ್ನು ಗುರುತಿಸದ ಚಿತ್ರಕ್ಕೆ ಅಂಕ ಇಲ್ಲ. ಆದರೂ ಹತ್ತು ನಿಮಿಷ ಶೇಡಿಂಗ್ ಮಾಡಿ ಮೂರೇ ಲೇಬಲ್ ಬರೆದು ಮುಂದೆ ಹೋಗುವವರಿದ್ದಾರೆ. ಬಯಾಲಜಿಯಲ್ಲಿ ಶೇಡಿಂಗಿಗೆ ಬೆಲೆಯಿಲ್ಲ. ಒಂದೇ ಗೆರೆಯ ಸ್ಪಷ್ಟ ಚಿತ್ರ, ಹಾಳೆಯ ಮೂರನೇ ಒಂದರಷ್ಟು ದೊಡ್ಡದು, ಲೇಬಲ್ ಗೆರೆಗಳೆಲ್ಲ ಬಲಕ್ಕೆ, ಒಂದನ್ನೊಂದು ಕತ್ತರಿಸದಂತೆ. ಗೆರೆಯ ತುದಿ ಆ ಭಾಗವನ್ನು ಮುಟ್ಟಿರಬೇಕು. ಎರಡು ಭಾಗಗಳ ನಡುವೆ ಗಾಳಿಯಲ್ಲಿ ನಿಂತ ಗೆರೆ ತಪ್ಪು ಲೇಬಲಿಗೆ ಸಮ. ಒಂದು ಚಿತ್ರಕ್ಕೆ ಆರು ನಿಮಿಷ ಮೀರಬಾರದು. ಮೀರಿದರೆ ಇನ್ನೊಮ್ಮೆ ಬರೆಯಿರಿ.

ಎಂಬ್ರಿಯೊ ಸ್ಯಾಕ್ ಅನ್ನೇ ತೆಗೆದುಕೊಳ್ಳಿ. ಏಳು ಜೀವಕೋಶ, ಎಂಟು ನ್ಯೂಕ್ಲಿಯಸ್ ಎಂಬುದು ಎಲ್ಲರ ಬಾಯಲ್ಲೂ ಇದೆ, ಚಿತ್ರದಲ್ಲಿ ಮಾತ್ರ ಎಂಟು ಕೋಶ ಬಂದಿರುತ್ತವೆ. ನಡುವಿನ ದೊಡ್ಡ ಸೆಂಟ್ರಲ್ ಸೆಲ್ ಒಂದೇ ಕೋಶ, ಅದರೊಳಗೆ ಎರಡು ಪೋಲಾರ್ ನ್ಯೂಕ್ಲಿಯಸ್. ಮೈಕ್ರೊಪೈಲ್ ತುದಿಗೆ ಒಂದು ಎಗ್, ಎರಡು ಸಿನರ್ಜಿಡ್. ಕಲೇಜಾ ತುದಿಗೆ ಮೂರು ಆಂಟಿಪೋಡಲ್. ಫಿಲಿಫಾರ್ಮ್ ಆಪರೇಟಸ್ ಇರುವುದು ಸಿನರ್ಜಿಡ್‌ಗಳ ಮೈಕ್ರೊಪೈಲ್ ಕಡೆಯ ತುದಿಯಲ್ಲಿ, ಎಗ್‌ನಲ್ಲಲ್ಲ. ಮೇಲು ಕೆಳಗೆ ತಿರುಗಿಸಿ ಬರೆದರೂ ತಪ್ಪಿಲ್ಲ, ಎರಡು ತುದಿಗಳ ಹೆಸರು ಬರೆದಿರಬೇಕು ಅಷ್ಟೆ.

ಇದೇ ಚಿತ್ರದ ಬೆನ್ನಿಗೆ ಕ್ರೋಮೋಸೋಮ್ ಎಣಿಕೆಯ ಪ್ರಶ್ನೆ ಬರುತ್ತದೆ. ಗಿಡದ ಎಲೆಯ ಕೋಶದಲ್ಲಿ 24 ಇದ್ದರೆ ಪರಾಗದಲ್ಲಿ 12, ಝೈಗೋಟ್‌ನಲ್ಲಿ 24, ಎಂಡೋಸ್ಪರ್ಮ್‌ನಲ್ಲಿ 36. ನ್ಯೂಸೆಲಸ್ ಮತ್ತು ಇಂಟೆಗ್ಯುಮೆಂಟ್ ತಾಯಿ ಗಿಡದ ಭಾಗ, ಆದ್ದರಿಂದ 24. ಎಂಡೋಸ್ಪರ್ಮ್‌ಗೆ 24 ಎಂದು ಬರೆಯುವವರು ಎರಡು ಪೋಲಾರ್ ನ್ಯೂಕ್ಲಿಯಸ್‌ಗಳಲ್ಲಿ ಒಂದನ್ನು ಮರೆತಿರುತ್ತಾರೆ.

ಕೃತಕ ಪರಾಗಸ್ಪರ್ಶದ ಪ್ರಶ್ನೆ ಹಾವೇರಿ, ರಾಣೆಬೆನ್ನೂರು ಕಡೆಯ ಹುಡುಗರಿಗೆ ಬಿಟ್ಟಿ ಅಂಕ ಇದ್ದಂತೆ. ಅಲ್ಲಿಯ ಬೀಜೋತ್ಪಾದನೆ ಹೊಲಗಳಲ್ಲಿ ಸಂಜೆ ಹತ್ತಿ ಮೊಗ್ಗಿನ ಪರಾಗಕೋಶ ಕಿತ್ತು, ಮರುದಿನ ಮುಂಜಾನೆ ಗಂಡು ಹೂವಿನ ಪರಾಗ ಸವರುವ ಕ್ರಾಸಿಂಗ್ ಕೆಲಸ ಎಷ್ಟೋ ಮನೆಗಳಿಗೆ ಗೊತ್ತು. ಧಾರವಾಡದ ಕೃಷಿ ಸಂಶೋಧನೆಯಿಂದ 1972ರಲ್ಲಿ ಬಂದ ವರಲಕ್ಷ್ಮಿ ಹತ್ತಿ ಹೈಬ್ರಿಡ್ ಹರಡಿದ್ದೂ ಹೀಗೆ ಕೈಯಿಂದ ಕ್ರಾಸ್ ಮಾಡಿಯೇ. ಉತ್ತರದಲ್ಲಿ ಮೂರು ಹಂತ ಬೇಕು: ಪರಾಗಕೋಶ ಒಡೆಯುವ ಮೊದಲೇ ಅದನ್ನು ತೆಗೆಯುವುದು, ಬಟರ್ ಪೇಪರ್ ಚೀಲ ಕಟ್ಟುವುದು, ಶಲಾಕಾಗ್ರ ಸಿದ್ಧವಾದಾಗ ಬೇಕಾದ ಪರಾಗ ಹಾಕಿ ಮತ್ತೆ ಚೀಲ ಕಟ್ಟುವುದು. ಕೊನೆಯ ‘ಮತ್ತೆ ಚೀಲ’ ಹೆಚ್ಚಿನವರಿಗೆ ಬಿಟ್ಟುಹೋಗುತ್ತದೆ. ಹೆಣ್ಣು ಹೂವು ಮಾತ್ರ ಇರುವ ಗಿಡವಾದರೆ ಮೊದಲ ಹಂತವೇ ಇಲ್ಲ. ಆ ಒಂದು ಸಾಲನ್ನೂ ಬರೆಯಿರಿ.

ಉಳಿದ ಚಿತ್ರಗಳ ಪಟ್ಟಿ ದೊಡ್ಡದೇನಲ್ಲ: ಪರಾಗಕೋಶದ ಅಡ್ಡಛೇದ, ವೀರ್ಯಾಣು, ಅಂಡಾಶಯದ ಛೇದ, ನ್ಯೂಕ್ಲಿಯೋಸೋಮ್, ರೆಪ್ಲಿಕೇಶನ್ ಫೋರ್ಕ್, ಟ್ರಾನ್ಸ್‌ಕ್ರಿಪ್ಶನ್ ಯೂನಿಟ್, ಲ್ಯಾಕ್ ಒಪೆರಾನ್, ಆಂಟಿಬಾಡಿ, ಪಿಬಿಆರ್322 (ಹೊಸ ಜೀನ್ ಸಾಗಿಸುವ ಪ್ಲಾಸ್ಮಿಡ್), ಕಲಕುವ ಬಯೋರಿಯಾಕ್ಟರ್. ಒಂದೊಂದನ್ನು ಎರಡು ಸಲ ಬರೆಯಿರಿ: ಮೊದಲ ಸಲ ನೋಡಿ, ಒಂದು ತಾಸು ಬಿಟ್ಟು ನೋಡದೆ. ಎರಡನೇ ಸಲ ಬಿಟ್ಟುಹೋದ ಲೇಬಲ್‌ಗಳನ್ನು ಕೆಂಪು ಪೆನ್ನಿನಿಂದ ಸೇರಿಸಿ. ನಾಳೆ ಆ ಕೆಂಪನ್ನಷ್ಟೇ ನೋಡಿದರೆ ಸಾಕು.

ಸ್ಪರ್ಮಟೋಜೆನೆಸಿಸ್ ಮತ್ತು ಊಜೆನೆಸಿಸ್ ಅನ್ನು ಬೇರೆ ಬೇರೆ ಹಾಳೆಯಲ್ಲಿ ಬರೆಯಬೇಡಿ. ಒಂದೇ ಹಾಳೆಯ ಎಡಕ್ಕೊಂದು, ಬಲಕ್ಕೊಂದು. ಆಗ 1 ಅಂಕದ ಹಳೆಯ ಗೊಂದಲ ಹೋಗುತ್ತದೆ: 100 ಪ್ರೈಮರಿ ಸ್ಪರ್ಮಟೋಸೈಟ್‌ನಿಂದ 400 ವೀರ್ಯಾಣು, 100 ಸೆಕೆಂಡರಿ ಸ್ಪರ್ಮಟೋಸೈಟ್‌ನಿಂದ 200, 100 ಪ್ರೈಮರಿ ಊಸೈಟ್‌ನಿಂದ 100 ಅಂಡಾಣು ಮಾತ್ರ. ಪ್ರೈಮರಿ ಊಸೈಟ್ ನಿಲ್ಲುವುದು ಪ್ರೊಫೇಸ್ ಒಂದರಲ್ಲಿ. ಎರಡನೇ ಮಿಯೋಸಿಸ್ ಮುಗಿಯುವುದು ವೀರ್ಯಾಣು ಒಳಹೊಕ್ಕ ಮೇಲೆ. ಋತುಚಕ್ರದ ಗ್ರಾಫ್ ಬರೆಯುವವರು ಎಲ್‌ಎಚ್ ಶಿಖರವನ್ನು 14ನೇ ದಿನದ ಆಸುಪಾಸಿಗೆ, ಪ್ರೊಜೆಸ್ಟರಾನ್ ಏರಿಕೆಯನ್ನು ಅದರ ನಂತರಕ್ಕೆ ಇಡಬೇಕು. ಕಾರ್ಪಸ್ ಲ್ಯೂಟಿಯಮ್ ಹುಟ್ಟುವ ಮೊದಲು ಪ್ರೊಜೆಸ್ಟರಾನ್ ಏರುವುದಾದರೂ ಎಲ್ಲಿಂದ?

ಜೆನೆಟಿಕ್ಸ್ ಓದುವ ಪಾಠವಲ್ಲ

ಇದನ್ನು ಗಣಿತದ ಹಾಗೆ ಬಿಡಿಸಬೇಕು. ಒಂದು ಕ್ರಾಸ್ ಬರೆದರೆ ತಂದೆತಾಯಿಯ ಫಿನೋಟೈಪ್, ಜಿನೋಟೈಪ್, ಗ್ಯಾಮೀಟ್, ಪನೆಟ್ ಚೌಕ, ಅನುಪಾತ, ಇವೆಲ್ಲ ಕಾಣಬೇಕು. ನೇರವಾಗಿ ಚೌಕಕ್ಕೆ ಹಾರಿದರೆ ಹಂತದ ಅಂಕ ಹೋಗುತ್ತದೆ. ಡೈಹೈಬ್ರಿಡ್‌ನಲ್ಲಿ ಸಾಮಾನ್ಯ ತಪ್ಪು ಗ್ಯಾಮೀಟ್‌ನಲ್ಲೇ ಆಗುತ್ತದೆ. ಒಂದು ಗ್ಯಾಮೀಟ್‌ಗೆ ಪ್ರತಿ ಗುಣದ ಒಂದೇ ಅಲೀಲ್ ಹೋಗಬೇಕು. ಗುಂಡಗಿನ ಗುಣದ ಎರಡು ಅಲೀಲ್‌ಗಳನ್ನು ಒಂದೇ ಗ್ಯಾಮೀಟ್‌ಗೆ ತುಂಬಿ, ಬಣ್ಣದ ಅಲೀಲ್ ಮರೆತರೆ 16 ಮನೆಗಳೂ ತಪ್ಪು. ಕೊನೆಗೆ 9:3:3:1 ಕೂಡಿಸಿ 16 ಬಂತೇ ನೋಡಿಕೊಳ್ಳಿ. ಸ್ನ್ಯಾಪ್‌ಡ್ರಾಗನ್ ಹೂವಿನಲ್ಲಿ ಫಿನೋಟೈಪ್, ಜಿನೋಟೈಪ್ ಎರಡೂ ಅನುಪಾತ 1:2:1 ಎಂಬುದನ್ನು ಬೇರೆ ಬರೆದಿಟ್ಟುಕೊಳ್ಳಿ.

ಪೆಡಿಗ್ರಿ (ರೋಗ ಹರಿದುಬಂದ ವಂಶವೃಕ್ಷ) ಕಂಡರೆ ಹೆದರುವವರು ಬಹಳ. ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಂಡರೆ ಪಿಯುಸಿ ಮಟ್ಟದ ಹೆಚ್ಚಿನ ಪೆಡಿಗ್ರಿಗಳು ಬಿಡುತ್ತವೆ. ರೋಗವಿಲ್ಲದ ತಂದೆತಾಯಿಗೆ ರೋಗವಿರುವ ಮಗು ಇದೆಯೇ? ಇದ್ದರೆ ರಿಸೆಸಿವ್. ರಿಸೆಸಿವ್ ಆದರೆ, ರೋಗವಿರುವ ಹೆಣ್ಣನ್ನು ಹುಡುಕಿ: ಅವಳ ತಂದೆಯಾಗಲಿ ಒಬ್ಬ ಮಗನಾಗಲಿ ಆರೋಗ್ಯವಾಗಿದ್ದರೆ ಅದು ಎಕ್ಸ್ ಕ್ರೋಮೋಸೋಮಿನದ್ದಲ್ಲ, ಆಟೋಸೋಮಲ್. ಪ್ರತಿ ರೋಗಿಗೂ ರೋಗವಿರುವ ತಂದೆಯೋ ತಾಯಿಯೋ ಇದ್ದಾರೆಯೇ? ಇದ್ದರೆ ಡಾಮಿನಂಟ್ ಕಡೆ ಒಲವು. ಅಲ್ಲಿ ತಂದೆಯಿಂದ ಮಗನಿಗೆ ಹೋಗಿದ್ದರೆ ಎಕ್ಸ್ ಅನ್ನು ಕೈಬಿಡಿ, ಮಗನಿಗೆ ತಂದೆ ಕೊಡುವುದು ವೈ. ಚೌಕ ಗಂಡು, ವೃತ್ತ ಹೆಣ್ಣು, ಜೋಡಿಗೆರೆ ರಕ್ತಸಂಬಂಧದ ಮದುವೆ. ನಮ್ಮ ಕಡೆ ಸೋದರಮಾವನ ಮದುವೆ ಹೊಸದಲ್ಲವಾದ್ದರಿಂದ ಈ ಜೋಡಿಗೆರೆಯ ಅರ್ಥ ಹೇಳಿಕೊಡಬೇಕಾಗಿಲ್ಲ.

ಸಿಕಲ್ ಸೆಲ್‌ಗೆ ನಾಲ್ಕು ಸಂಗತಿ: ಬೀಟಾ ಗ್ಲೋಬಿನ್, 6ನೇ ಸ್ಥಾನ, ಗ್ಲುಟಾಮಿಕ್ ಆಸಿಡ್ ಹೋಗಿ ವ್ಯಾಲೀನ್, ಕೋಡಾನ್ ಜಿಎಜಿ ಹೋಗಿ ಜಿಯುಜಿ. ಥಲಸೀಮಿಯಾದಲ್ಲಿ ಆಲ್ಫಾ 16ನೇ ಕ್ರೋಮೋಸೋಮ್, ಬೀಟಾ 11ನೆಯದು. ಡೌನ್ಸ್‌ನಲ್ಲಿ 21ನೆಯದು ಮೂರು, ಕ್ಲೈನ್‌ಫೆಲ್ಟರ್ 47, ಟರ್ನರ್ 45. ಇವು ಒಂದು ಕಾರ್ಡಿಗೆ ಸಾಕು.

ಮಾಲಿಕ್ಯುಲರ್ ಬೇಸಿಸ್ ಅಧ್ಯಾಯಕ್ಕೆ ಮೂರು ತಾಸು ಬೇಕು, ಕಡಿಮೆಯಲ್ಲಿ ಆಗದು. ಪ್ರಯೋಗಗಳನ್ನು ಕಥೆಯಂತೆ ಉದ್ದ ಬರೆಯುವ ಬದಲು ‘ಏನು ಮಾಡಿದರು, ಏನು ಕಂಡರು, ಅದರಿಂದ ಏನು ತೀರ್ಮಾನ’ ಎಂದು ಮೂರು ತುಂಡು ಮಾಡಿ. ಹರ್ಷಿ ಮತ್ತು ಚೇಸ್ 1952ರಲ್ಲಿ ವೈರಸ್ಸಿನ ಪ್ರೋಟೀನಿಗೆ ವಿಕಿರಣಶೀಲ ಗಂಧಕ, ಡಿಎನ್ಎಗೆ ವಿಕಿರಣಶೀಲ ರಂಜಕ ಹಾಕಿದರು. ಇದನ್ನು ಅದಲುಬದಲು ಮಾಡುವವರು ಒಂದೇ ಕಾರಣ ನೆನಪಿಡಲಿ: ಡಿಎನ್ಎಯಲ್ಲಿ ಗಂಧಕವೇ ಇಲ್ಲ. ಮೆಸೆಲ್ಸನ್ ಮತ್ತು ಸ್ಟಾಲ್ ಪ್ರಯೋಗದಲ್ಲಿ ಲೆಕ್ಕ ಬರುತ್ತದೆ. ಭಾರದ ಸಾರಜನಕದಲ್ಲಿ ಬೆಳೆದ ಬ್ಯಾಕ್ಟೀರಿಯಾ ಹಗುರ ಮಾಧ್ಯಮಕ್ಕೆ ಬಂದ 20 ನಿಮಿಷಕ್ಕೆ ಎಲ್ಲ ಡಿಎನ್ಎ ಹೈಬ್ರಿಡ್, 40ಕ್ಕೆ ಅರ್ಧ ಹೈಬ್ರಿಡ್ ಅರ್ಧ ಹಗುರ, 60ಕ್ಕೆ ಎಂಟರಲ್ಲಿ ಎರಡು ಹೈಬ್ರಿಡ್ ಆರು ಹಗುರ. ಎಷ್ಟು ಪೀಳಿಗೆಯಾದರೂ ಮೊದಲಿನ ಒಂದು ಅಣುವಿನಿಂದ ಎರಡೇ ಹೈಬ್ರಿಡ್ ಉಳಿಯುತ್ತವೆ ಎಂದು ತಿಳಿದರೆ 80 ನಿಮಿಷದ ಪ್ರಶ್ನೆಗೂ ಉತ್ತರ ಸಿಕ್ಕಿತು.

ಡಿಎನ್ಎ ಉದ್ದದ ಲೆಕ್ಕ: 660 ಕೋಟಿ ಬೇಸ್ ಜೋಡಿ, ಒಂದೊಂದಕ್ಕೆ 0.34 ನ್ಯಾನೊಮೀಟರ್ ಅಂತರ, ಗುಣಿಸಿದರೆ ಸುಮಾರು 2.2 ಮೀಟರ್. ತಪ್ಪುವುದು ಗುಣಾಕಾರದಲ್ಲಲ್ಲ, ನ್ಯಾನೊ ಎಂದರೆ ಹತ್ತರ ಘಾತ ಮೈನಸ್ 9 ಎಂಬುದನ್ನು ಬಿಟ್ಟುಬಿಡುವುದರಲ್ಲಿ. 3.4 ನ್ಯಾನೊಮೀಟರ್ ಎಂಬುದು ಒಂದು ಸುತ್ತಿನ ಉದ್ದ, ಅದನ್ನು ಇಲ್ಲಿ ಹಾಕಬೇಡಿ. ಅಡೆನಿನ್ ಶೇ. 30 ಎಂದರೆ ಥೈಮಿನ್ 30, ಉಳಿದ 40ರಲ್ಲಿ ಗ್ವಾನಿನ್ 20, ಸೈಟೊಸಿನ್ 20. ಪ್ರಶ್ನೆಯಲ್ಲಿ ಕೋಡಿಂಗ್ ಎಳೆ ಕೊಟ್ಟಿದ್ದರೆ ಎಂಆರ್‌ಎನ್‌ಎ ಅದೇ ಅಕ್ಷರಗಳು, ಟಿ ಇದ್ದಲ್ಲಿ ಯು. ಟೆಂಪ್ಲೇಟ್ ಎಳೆ ಕೊಟ್ಟಿದ್ದರೆ ಮಾತ್ರ ಜೋಡಿ ಬೇಸ್ ಹಾಕಬೇಕು. ಎಷ್ಟೋ ಉತ್ತರಗಳು ತಪ್ಪುವುದು ಪ್ರಶ್ನೆಯ ಆ ಒಂದು ಪದ ಓದದೆ.

ಲ್ಯಾಕ್ ಒಪೆರಾನ್‌ಗೆ ಎರಡು ಚಿತ್ರ ಬೇಕು: ಲ್ಯಾಕ್ಟೋಸ್ ಇಲ್ಲದಾಗ ಒಂದು, ಇದ್ದಾಗ ಒಂದು. ಲ್ಯಾಕ್ಟೋಸ್ ಹೋಗಿ ಆಪರೇಟರ್‌ಗೆ ಅಂಟುತ್ತದೆ ಎಂದು ಬರೆದರೆ ಇಡೀ ವಿವರಣೆ ಬಿದ್ದುಹೋಗುತ್ತದೆ. ಅದು ಅಂಟುವುದು ರಿಪ್ರೆಸರ್‌ಗೆ. ರಿಪ್ರೆಸರ್ ನಿಷ್ಕ್ರಿಯವಾಗಿ ಆಪರೇಟರ್ ಬಿಡುತ್ತದೆ, ಪಾಲಿಮರೇಸ್ ಮುಂದೆ ಸಾಗುತ್ತದೆ. ಝಡ್ ಜೀನ್‌ನಿಂದ ಬೀಟಾ ಗ್ಯಾಲಕ್ಟೊಸಿಡೇಸ್, ವೈಯಿಂದ ಪರ್ಮಿಯೇಸ್, ಎಯಿಂದ ಟ್ರಾನ್ಸ್‌ಅಸಿಟೈಲೇಸ್.

ಎವಲ್ಯೂಶನ್‌ನಲ್ಲಿ ಹಾರ್ಡಿ ವೈನ್‌ಬರ್ಗ್ ಲೆಕ್ಕ ಒಂದನ್ನಾದರೂ ಬಿಡಿಸಿ ನೋಡಿ. ರಿಸೆಸಿವ್ ಗುಣ ಕಾಣುವವರು ಶೇ. 16 ಎಂದರೆ 0.16 ಎಂಬುದು ಕ್ಯು ವರ್ಗ. ಕ್ಯು 0.4, ಪಿ 0.6, ಕ್ಯಾರಿಯರ್‌ಗಳು 2ಪಿಕ್ಯು ಅಂದರೆ 0.48. ವರ್ಗಮೂಲ ತೆಗೆಯದೆ 0.16ನ್ನೇ ಕ್ಯು ಎಂದು ಹಿಡಿಯುವುದು ಇಲ್ಲಿಯ ಮಾಮೂಲಿ ತಪ್ಪು.

ಎರಡನೇ ದಿನ

ಬೆಳಿಗ್ಗೆ 10ರಿಂದ 1ರವರೆಗೆ, ಪರೀಕ್ಷೆಯ ಹೊತ್ತಿಗೇ, ಒಂದು ಮಾದರಿ ಪತ್ರಿಕೆ ಪೂರ್ತಿ ಬರೆಯಿರಿ. ಕರೆಂಟ್ ಹೋಗಿ ಫ್ಯಾನ್ ನಿಂತರೂ ಏಳಬೇಡಿ. ಮಾರ್ಚ್ ಸೆಕೆಯಲ್ಲಿ ಪರೀಕ್ಷಾ ಕೊಠಡಿಯೇನೂ ತಂಪಾಗಿರುವುದಿಲ್ಲ. 70 ಅಂಕ, 180 ನಿಮಿಷ: ಅಂಕಕ್ಕೆ ಎರಡೂವರೆ ನಿಮಿಷ. 5 ಅಂಕದ ಉತ್ತರ 12 ನಿಮಿಷದಲ್ಲಿ ಮುಗಿಯದಿದ್ದರೆ ನೀವು ಬೇಡದ್ದು ಬರೆಯುತ್ತಿದ್ದೀರಿ.

ಮಧ್ಯಾಹ್ನ ಬಯೋಟೆಕ್ನಾಲಜಿ. ಪಿಬಿಆರ್322ರಲ್ಲಿ ಬ್ಯಾಮ್ ಎಚ್ ಒನ್ ಜಾಗ ಟೆಟ್ರಾಸೈಕ್ಲಿನ್ ಜೀನ್ ಒಳಗಿದೆ. ಅಲ್ಲಿ ಹೊಸ ಡಿಎನ್ಎ ಸೇರಿಸಿದರೆ ಆ ಜೀನ್ ಕೆಡುತ್ತದೆ. ಹಾಗಾಗಿ ರಿಕಾಂಬಿನಂಟ್ ಬ್ಯಾಕ್ಟೀರಿಯಾ ಆಂಪಿಸಿಲಿನ್ ತಟ್ಟೆಯಲ್ಲಿ ಬೆಳೆಯುತ್ತದೆ, ಟೆಟ್ರಾಸೈಕ್ಲಿನ್ ತಟ್ಟೆಯಲ್ಲಿ ಸಾಯುತ್ತದೆ. ಬರೀ ಪ್ಲಾಸ್ಮಿಡ್ ಹೊಕ್ಕದ್ದು ಎರಡರಲ್ಲೂ ಬೆಳೆಯುತ್ತದೆ, ಏನೂ ಹೊಗದ್ದು ಎರಡರಲ್ಲೂ ಬೆಳೆಯದು. ಈ ಮೂರು ಸಾಲಿನ ಪಟ್ಟಿ ಬರೆದರೆ ಪ್ರಶ್ನೆ ಯಾವ ಕಡೆಯಿಂದ ಬಂದರೂ ಸಿಗುತ್ತದೆ. ಡಿಎನ್ಎ ಪ್ರತಿ ಮಾಡುವ ಪಿಸಿಆರ್‌ನಲ್ಲಿ ಎಳೆ ಬೇರ್ಪಡಿಸುವುದು, ಪ್ರೈಮರ್ ಅಂಟುವುದು, ಉದ್ದವಾಗುವುದು ಎಂಬ ಕ್ರಮ; 30 ಸುತ್ತಿಗೆ ಸುಮಾರು ನೂರು ಕೋಟಿ ಪ್ರತಿ. ಜೆಲ್‌ನಲ್ಲಿ ಡಿಎನ್ಎ ಆನೋಡ್ ಕಡೆಗೆ ಓಡುತ್ತದೆ, ಏಕೆಂದರೆ ಅದು ಋಣ ಆವೇಶದ್ದು. ಚಿಕ್ಕ ತುಂಡು ಹೆಚ್ಚು ದೂರ.

ಬಿಟಿ ಹತ್ತಿ ಗದಗ, ಹಾವೇರಿಯ ಹೊಲಗಳಲ್ಲೇ ಇರುವ ವಿಷಯ, ಆದರೂ ಉತ್ತರಗಳು ಸೊರಗುತ್ತವೆ. ಬಿಟಿ ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ; ಅದರೊಳಗೆ ವಿಷ ನಿಷ್ಕ್ರಿಯ ರೂಪದಲ್ಲಿರುತ್ತದೆ, ಆದ್ದರಿಂದ ಅದಕ್ಕೆ ಏನೂ ಆಗದು. ಹುಳದ ಕರುಳಿನ ಕ್ಷಾರೀಯ ವಾತಾವರಣದಲ್ಲಿ ಅದು ಸಕ್ರಿಯವಾಗಿ, ಕರುಳಿನ ಒಳಪದರದ ಕೋಶಗಳಿಗೆ ಅಂಟಿ, ರಂಧ್ರ ಮಾಡಿ, ಕೋಶ ಉಬ್ಬಿ ಒಡೆಯುತ್ತದೆ. ಈ ವಿಷದ ಜೀನ್‌ಗಳಲ್ಲಿ ಕ್ರೈ ಒನ್ ಎಸಿ, ಕ್ರೈ ಟು ಎಬಿ ಹತ್ತಿ ಕಾಯಿಕೊರಕಕ್ಕೆ. ಕ್ರೈ ಒನ್ ಎಬಿ ಮೆಕ್ಕೆಜೋಳದ ಕಾಂಡಕೊರಕಕ್ಕೆ. ‘ಕ್ಷಾರೀಯ’ ಎಂಬ ಪದ ಬಿಟ್ಟರೆ ಒಂದು ಅಂಕ ಬಿಟ್ಟಂತೆ.

ಪರಿಸರದ ಅಧ್ಯಾಯಗಳಿಗೆ ಒಂದೂವರೆ ತಾಸು ಸಾಕು: ಜೀವಿಸಂಖ್ಯೆ ಬೆಳವಣಿಗೆಯ ಜೆ ಮತ್ತು ಎಸ್ ಆಕಾರದ ಎರಡು ಗ್ರಾಫ್, ಅವುಗಳ ಸೂತ್ರ, ಶೇ. 10 ಶಕ್ತಿಯ ನಿಯಮ, ಒಟ್ಟು ಉತ್ಪಾದಕತೆಯಿಂದ ಉಸಿರಾಟ ಕಳೆದರೆ ನಿವ್ವಳ. ಹೊರಗಿನಿಂದ ಬಂದ ಸಸ್ಯಕ್ಕೆ ಉದಾಹರಣೆ ಕೇಳಿದರೆ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಕಸ. ಇನ್ ಸಿಟು (ಇದ್ದ ನೆಲೆಯಲ್ಲೇ) ಸಂರಕ್ಷಣೆಗೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಗದಗಿನ ಕಪ್ಪತಗುಡ್ಡ ಛಲೋ ಉದಾಹರಣೆಗಳು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮಾಗಡಿ ಕೆರೆಯೂ ಆದೀತು. ಆದರೆ ಪುಸ್ತಕದ ಉದಾಹರಣೆಯನ್ನು ಮೊದಲು ಬರೆದು ಇವನ್ನು ಆಮೇಲೆ ಸೇರಿಸಿ. ಮೌಲ್ಯಮಾಪಕರು ಯಾವ ಜಿಲ್ಲೆಯವರೋ ಗೊತ್ತಿಲ್ಲ. ಇನ್ನು ಆರೋಗ್ಯ, ರೋಗಗಳ ಅಧ್ಯಾಯ: ಮಲೇರಿಯಾದಲ್ಲಿ ಮನುಷ್ಯನೊಳಗೆ ಬರುವುದು ಸ್ಪೋರೊಝಾಯಿಟ್, ಚಳಿಜ್ವರ ತರುವುದು ಹಿಮೋಝೋಯಿನ್, ಫಲೀಕರಣ ಸೊಳ್ಳೆಯ ಕರುಳಿನಲ್ಲಿ. ಮೈಕ್ರೋಬ್ಸ್ ಅಧ್ಯಾಯವನ್ನು ಜೀವಿ ಮತ್ತು ಅದರ ಉತ್ಪನ್ನದ ಪಟ್ಟಿಯಾಗಿ ಬರೆದು ಮುಗಿಸಿ.

ಬಿಡಬೇಕಾದ್ದೂ ಇದೆ. ‘ಒನ್ ಶಾಟ್’ ವಿಡಿಯೋಗಳನ್ನು ದುಪ್ಪಟ್ಟು ವೇಗದಲ್ಲಿ ನೋಡುವುದು ಮತ್ತೆ ಅದೇ ಕಣ್ಣಿನ ಓದು, ಕೈಗೆ ಏನೂ ಬರುವುದಿಲ್ಲ. ವಾಟ್ಸ್‌ಆಪಿನಲ್ಲಿ ಬರುವ ‘ಇದೇ ಪೇಪರ್ ಬರ್ತದ ನೋಡ್ರಿ’ ಪಿಡಿಎಫ್ ತೆರೆಯಲೇಬೇಡಿ. ಇಲ್ಲಿಯವರೆಗೆ ಒಮ್ಮೆಯೂ ಬಾರದ ಹೊಸ ವಿಷಯವನ್ನು ರಾತ್ರಿ ಎಂಟರ ಮೇಲೆ ಶುರು ಮಾಡಬೇಡಿ. ಹತ್ತೂವರೆಗೆ ಮಲಗಿ. ನಿದ್ದೆಗೆಟ್ಟವರಿಗೆ ಮೊದಲು ಮಸುಕಾಗುವುದು ಇಂಥ ಜೋಡಿ ಪದಗಳೇ: ಸಿನರ್ಜಿಡ್ ಆಂಟಿಪೋಡಲ್, ಆಕ್ಟಿವ್ ಪ್ಯಾಸಿವ್, ಇನ್ ಸಿಟು ಎಕ್ಸ್ ಸಿಟು.

ಪರೀಕ್ಷೆಯ ದಿನ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಪುಸ್ತಕ ಬಿಚ್ಚಲು ಜಾಗ ಸಿಗುವುದಿಲ್ಲ. ಕೆಂಪು ಲೇಬಲ್ ಹಾಳೆಗಳು, ಅಂಕಿಗಳ ಕಾರ್ಡ್ ಜೇಬಿನಲ್ಲಿರಲಿ, ಕೇಂದ್ರದ ಗೇಟಿನಲ್ಲಿ ಚೀಲಕ್ಕೆ ಹೋಗಲಿ. ಬಹು ಆಯ್ಕೆ ಪ್ರಶ್ನೆಗೆ ಅಕ್ಷರ ಮತ್ತು ಉತ್ತರ ಎರಡನ್ನೂ ಬರೆಯಿರಿ. ಮೊದಲು ಬರೆದದ್ದನ್ನೇ ಪರಿಗಣಿಸುತ್ತಾರೆ, ಅದಕ್ಕೆ ಯೋಚಿಸಿ ಒಂದೇ ಸಲ ಬರೆಯಿರಿ. 1 ಅಂಕದವು ಮುಗಿದ ಮೇಲೆ 5 ಅಂಕದವಕ್ಕೆ ಹೋಗುವುದು ಒಳ್ಳೆಯದು, ಕೈ ಸೋಲುವ ಮೊದಲು ಚಿತ್ರಗಳು ಮುಗಿಯುತ್ತವೆ. 2 ಅಂಕಕ್ಕೆ ಎರಡು ಅಂಶ, 3ಕ್ಕೆ ಮೂರು, ಒಂದೊಂದು ಹೊಸ ಸಾಲಿನಲ್ಲಿ. ವ್ಯತ್ಯಾಸ ಕೇಳಿದರೆ ಎರಡು ಕಂಬದ ಪಟ್ಟಿ. ಎಡದಲ್ಲಿ ಇರುವ ಪ್ರತಿ ಅಂಶಕ್ಕೂ ಬಲದಲ್ಲಿ ಅದೇ ಅಂಶದ ಎದುರುರೂಪ ಇರಬೇಕು.

ಕೊನೆಯ ಹತ್ತು ನಿಮಿಷ ಉತ್ತರ ಓದುತ್ತ ಕೂರಬೇಡಿ. ಪ್ರಶ್ನೆ ಸಂಖ್ಯೆ ಸರಿಯಾಗಿವೆಯೇ, ಪ್ರತಿ ಚಿತ್ರಕ್ಕೂ ಶೀರ್ಷಿಕೆ ಮತ್ತು ಲೇಬಲ್ ಇವೆಯೇ, ಲೆಕ್ಕದ ಉತ್ತರಕ್ಕೆ ಮಾನ ಬರೆದಿದ್ದೀರಾ, ಕ್ರಾಸ್‌ಗಳ ಕೆಳಗೆ ಅನುಪಾತ ಇದೆಯೇ, ಈ ನಾಲ್ಕನ್ನು ಪುಟ ತಿರುವಿ ನೋಡಿ. ಹೆಚ್ಚುವರಿ ಹಾಳೆ ತೆಗೆದುಕೊಂಡಿದ್ದರೆ ಮುಖ್ಯ ಪುಸ್ತಿಕೆಗೆ ಸೇರಿಸಿ ದಾರ ಬಿಗಿಯಾಗಿ ಕಟ್ಟಿ.